ಮುಂಬೈಯ ಬಿಕೆಸಿಯಲ್ಲಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಕೆಲಸ ಸಿಕ್ಕಿದೆ. ಜಾಗ ಹೇಗಿದೆ, ಮನೆ ಎಲ್ಲಿ ಮಾಡೋದು ಒಳ್ಳೇದು?

ಜಾಗ ಚೆನ್ನಾಗಿದೆ. ಅಲ್ಲಿಗೆ ಹೋಗಿ ಬರೋದೇ ಕಷ್ಟ.

ನೀವು ಮೂರು ವಿಷಯ ಕೇಳಿದ್ದೀರಿ. ಬಿಕೆಸಿ ಫೋಟೋದಲ್ಲಿ ಕಾಣುವ ಹಾಗೇ ಇದೆಯಾ? ಬೆಂಗಳೂರಿನಿಂದ ಬರುವವರು ಮನೆ ಎಲ್ಲಿ ಹುಡುಕಬೇಕು? ಗಾಂಧಿನಗರದ ಹತ್ತಿರದ ಹೊಸ ಹಣಕಾಸು ನಗರ ಗಿಫ್ಟ್ ಸಿಟಿ ಬಂದಮೇಲೆ ಇಲ್ಲಿನ ಕೆಲಸವೆಲ್ಲ ಗುಜರಾತಿಗೆ ಹೋಗುತ್ತಂತೆ, ನಿಜವಾ? ನಾನು ಬಿಕೆಸಿಯ ಜಿ ಬ್ಲಾಕಿನಲ್ಲೇ ಕೆಲಸ ಮಾಡುವವನು, ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಈ ಜಾಗ ಹೇಗೆ ಆಯಿತು ಅಂತ ತಿಳಿದುಕೊಳ್ಳಿ, ಉಳಿದದ್ದು ತಾನಾಗಿ ಅರ್ಥ ಆಗುತ್ತದೆ. ಮುಂಬೈಯ ಲೋಕಲ್ ರೈಲುಗಳು ಓಡುವುದು ಉತ್ತರದಿಂದ ದಕ್ಷಿಣಕ್ಕೆ. ಪಶ್ಚಿಮದ ಲೈನಿನಲ್ಲಿ ಬಾಂದ್ರಾ, ಸೆಂಟ್ರಲ್ ಲೈನಿನಲ್ಲಿ ಕುರ್ಲಾ. ಎರಡರ ಮಧ್ಯೆ ಮಿಠಿ ನದಿ ಮಾಹಿಮ್ ಖಾಡಿ (ಸಮುದ್ರದ ಹಿನ್ನೀರು) ಸೇರುವ ತಗ್ಗು ಪ್ರದೇಶ. ಉಬ್ಬರಕ್ಕೆ ನೀರು ನುಗ್ಗುವ ಕೆಸರು, ಕಾಂಡ್ಲಾ ಗಿಡಗಳು. ಆ ಕಾಲಕ್ಕೆ ದೊಡ್ಡ ಆಫೀಸುಗಳೆಲ್ಲ ದಕ್ಷಿಣ ತುದಿಯ ಫೋರ್ಟ್ ಮತ್ತು ನಾರಿಮನ್ ಪಾಯಿಂಟಿನಲ್ಲಿ ತುಂಬಿಕೊಂಡಿದ್ದವು. ಬೆಳಿಗ್ಗೆ ಇಡೀ ಊರು ಒಂದೇ ದಿಕ್ಕಿಗೆ ರೈಲು ಹತ್ತುತ್ತಿತ್ತು. ಆ ಭಾರ ಇಳಿಸಲು ಊರಿನ ನಡುವೆ ಹೊಸ ಆಫೀಸು ಜಾಗ ಬೇಕಿತ್ತು. 1977ರಲ್ಲಿ ಮುಂಬೈ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ ಎಂಎಂಆರ್‌ಡಿಎ ಕೈಗೆ ಈ ಸುಮಾರು 370 ಹೆಕ್ಟೇರ್ ಯೋಜನೆ ಬಂತು. ಮಣ್ಣು ತುಂಬಿಸಿ, ಬ್ಲಾಕುಗಳಾಗಿ ಹಂಚಿ, ಅಗಲ ರಸ್ತೆ ಹಾಕಿದರು. ಹಣಕಾಸಿನ ಕಚೇರಿಗಳಿಗೆ ಅಂತ ಇಟ್ಟದ್ದು ಮುಖ್ಯವಾಗಿ ಜಿ ಬ್ಲಾಕ್.

ಅಂದರೆ ಜಾಗ ಖಾಲಿ ಸಿಕ್ಕಿದ್ದೇ ಅದು ಎರಡು ರೈಲು ಲೈನುಗಳ ನಡುವಿನ ಜೌಗು ಆಗಿದ್ದಕ್ಕೆ. ಆದ್ದರಿಂದಲೇ ಹತ್ತಿರದಲ್ಲಿ ಲೋಕಲ್ ಸ್ಟೇಷನ್ ಇಲ್ಲ. ಬಾಂದ್ರಾದಲ್ಲೋ ಕುರ್ಲಾದಲ್ಲೋ ಇಳಿದು ಶೇರ್ ರಿಕ್ಷಾ ಹಿಡಿಯಬೇಕು, ಇಲ್ಲ ಬೆಸ್ಟ್ ಅನ್ನುವ ಸಿಟಿ ಬಸ್ಸು. ಬಿಸಿಲಿದ್ದಾಗ ಪರವಾಗಿಲ್ಲ. ಜುಲೈ ಮಳೆಯಲ್ಲಿ ಸ್ಟೇಷನ್ ಹೊರಗಿನ ರಿಕ್ಷಾ ಸಾಲು ನೋಡಿದರೆ ವಾಪಸ್ ಮನೆಗೆ ಹೋಗೋಣ ಅನಿಸುತ್ತದೆ. ರೈಲಿನಲ್ಲಿ ಕಳೆದಷ್ಟೇ ಹೊತ್ತು ಈ ಕೊನೆಯ ಎರಡು-ಮೂರು ಕಿಲೋಮೀಟರಿಗೆ ಹೋದರೂ ಆಶ್ಚರ್ಯ ಇಲ್ಲ.

ಫೋಟೋ ವಿಷಯ. ಸುಳ್ಳಲ್ಲ, ಗಾಜಿನ ಕಟ್ಟಡ, ಮರಗಳ ಸಾಲು, ಅಗಲ ರಸ್ತೆ ಎಲ್ಲ ಇದೆ. ಮುಂಬೈಯಲ್ಲಿ ಇಷ್ಟು ಆಕಾಶ ಕಾಣುವ ಜಾಗ ಕಡಿಮೆ. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ (ಎನ್‌ಎಸ್‌ಇ), ಷೇರುಪೇಟೆ ನಿಯಂತ್ರಿಸುವ ಸೆಬಿ, ಕೃಷಿ ಸಾಲದ ನಬಾರ್ಡ್, ದೊಡ್ಡ ದೊಡ್ಡ ಬ್ಯಾಂಕುಗಳು ಇಲ್ಲೇ ಇವೆ. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ನಮ್ಮ ಕೆನರಾ ಬ್ಯಾಂಕಿಗೂ ಇಲ್ಲಿ ಕಟ್ಟಡ ಇದೆ. ಅಮೆರಿಕದ ಕಾನ್ಸುಲೇಟ್ 2011ರಲ್ಲಿ ಬಂತು, ಹಾಗಾಗಿ ವೀಸಾ ಫೈಲು ಹಿಡಿದು ನಿಂತವರೂ ಕಾಣುತ್ತಾರೆ. ಷೇರುಪೇಟೆ ಅಂದರೆ ಗಲಾಟೆ, ಕೂಗಾಟ ಅಂತ ಅಂದುಕೊಂಡು ಎನ್‌ಎಸ್‌ಇ ಮುಂದೆ ಬರಬೇಡಿ. 1994ರಲ್ಲಿ ಶುರುವಾದಾಗಿನಿಂದ ಅಲ್ಲಿನ ವ್ಯಾಪಾರ ಕಂಪ್ಯೂಟರಿನಲ್ಲೇ. ಹೊರಗಿನಿಂದ ನೋಡಿದರೆ ಅದೂ ಒಂದು ಆಫೀಸು, ಅಷ್ಟೇ.

ನಿಜವಾದ ಪೇಟೆ ನೋಡಬೇಕಾದರೆ ಡೈಮಂಡ್ ಮಾರ್ಕೆಟ್ ಕಡೆ ಹೋಗಿ. ಮೊದಲು ವಜ್ರದ ವ್ಯಾಪಾರ ದಕ್ಷಿಣ ಮುಂಬೈಯ ಒಪೆರಾ ಹೌಸ್ ಪ್ರದೇಶದ ಇಕ್ಕಟ್ಟು ಗಲ್ಲಿಗಳಲ್ಲಿ ನಡೆಯುತ್ತಿತ್ತು. 2010ರಲ್ಲಿ ಇಲ್ಲಿ ಭಾರತ್ ಡೈಮಂಡ್ ಬೋರ್ಸ್ ಎಂಬ ವಜ್ರ ವ್ಯಾಪಾರ ಕೇಂದ್ರ ತೆರೆಯಿತು, ಸುಮಾರು 2,500 ಆಫೀಸುಗಳು ಅದರೊಳಗೆ. ಪಾಸ್ ಇಲ್ಲದೆ ಒಳಗೆ ಬಿಡುವುದಿಲ್ಲ. ಆದರೆ ಹೊರಗೆ ನಿಂತರೂ ಸಾಕು. ಬಿಳಿ ಶರ್ಟಿನ ದಲ್ಲಾಳಿಗಳು, ಗುಜರಾತಿ ಮಾತು, ಚಹಾ, ಯಾರದೋ ಜೇಬಿನೊಳಗೆ ಮಡಚಿದ ಕಾಗದದ ಪೊಟ್ಟಣದಲ್ಲಿ ಲಕ್ಷಗಟ್ಟಲೆ ಬೆಲೆಯ ಕಲ್ಲು. ಕೋಟು-ಟೈ ಹಾಕಿಕೊಂಡ ಬಿಕೆಸಿಗಿಂತ ನನಗೆ ಈ ಬಿಕೆಸಿ ಇಷ್ಟ. 2023ರ ಕೊನೆಯಲ್ಲಿ ಸೂರತ್ತಿನಲ್ಲಿ ಇನ್ನೂ ದೊಡ್ಡ ಬೋರ್ಸ್ ಆಯಿತು, ಆದರೂ ಇಲ್ಲಿನ ಜನ ಇಲ್ಲೇ ಇದ್ದಾರೆ.

ಇನ್ನು ಫೋಟೋದಲ್ಲಿ ಬಾರದ್ದು. ಬೇಸಿಗೆಯಲ್ಲಿ ಮಿಠಿಯ ವಾಸನೆ. ಹೆಸರಿಗೆ ನದಿ, ನೋಡಿದರೆ ಕಪ್ಪು ಮೋರಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿದ್ದು ಮಿಠಿ ಉಕ್ಕಿತಲ್ವಾ, ಆಗ ಬಿಕೆಸಿಗಾಗಿ ಮಣ್ಣು ತುಂಬಿ ನದಿಯನ್ನು ಇಕ್ಕಟ್ಟು ಮಾಡಿದ್ದೂ ಒಂದು ಕಾರಣ ಅಂತ ಬಹಳ ಟೀಕೆ ಬಂತು. ಆ ಟೀಕೆ ಸರಿ ಅಂತಲೇ ನನ್ನ ಅಭಿಪ್ರಾಯ. ನೀರು ನಿಲ್ಲುವ ಜಾಗದಲ್ಲಿ ಕಟ್ಟಡ ಕಟ್ಟಿದರೆ ಆ ನೀರು ಕುರ್ಲಾದ ಚಾಳುಗಳಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ನಂತರ ನದಿಯನ್ನು ಅಗಲ, ಆಳ ಮಾಡುವ ಕೆಲಸ ನಡೆಯಿತು.

ಊಟಕ್ಕೆ ಕಿಸೆ ಗಟ್ಟಿ ಇರಬೇಕು. ನೆಲದ ಬೆಲೆ ಹಾಗಿದೆ. ಎಂಎಂಆರ್‌ಡಿಎ ಇಲ್ಲಿ ಜಾಗವನ್ನು ಮಾರುವುದಿಲ್ಲ, 80 ವರ್ಷಕ್ಕೆ ಲೀಸಿಗೆ ಕೊಡುತ್ತದೆ. 2019ರಲ್ಲಿ ಜಪಾನಿನ ಸುಮಿಟೊಮೊ ಮೂರು ಎಕರೆಗೆ ಕೊಟ್ಟದ್ದು 2,238 ಕೋಟಿ ರೂಪಾಯಿ! ಇಂಥ ಕಡೆ 40 ರೂಪಾಯಿಗೆ ಪ್ಲೇಟ್ ಇಡ್ಲಿ ಹುಡುಕಬೇಡಿ. ನಾವೆಲ್ಲ ಡಬ್ಬಿ ತರುತ್ತೇವೆ, ಇಲ್ಲ ಕ್ಯಾಂಟೀನು, ಇಲ್ಲ ಹಿಂದಿನ ರಸ್ತೆಯ ಗಾಡಿಗಳು.

ಗಿಫ್ಟ್ ಸಿಟಿಗೆ ಹೆದರಬೇಕಿಲ್ಲ. ಅದು 2015ರಿಂದ ದೇಶದ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ, ಅಲ್ಲಿ ಮುಖ್ಯವಾಗಿ ವಿದೇಶಿ ಕರೆನ್ಸಿಯ ವ್ಯವಹಾರ, ಅದಕ್ಕೆ ತೆರಿಗೆ ರಿಯಾಯಿತಿ. ಅಂಥದ್ದೇ ಕೇಂದ್ರ ಬಿಕೆಸಿಗೂ ಬೇಕು ಅಂತ ಮಹಾರಾಷ್ಟ್ರ ಕೇಳಿತ್ತು, ಆಗಲಿಲ್ಲ. ಅದಕ್ಕೆ ಅಂತ ನೋಡಿಟ್ಟ ಜಾಗದ ಕೆಳಗೆ ಈಗ ಬುಲೆಟ್ ಟ್ರೈನ್ ಸ್ಟೇಷನ್ ಬರುತ್ತಿದೆ. ಆದರೆ ರೂಪಾಯಿಯ ಷೇರು, ಸಾಲ, ಫಂಡ್ ವ್ಯವಹಾರ ಇಲ್ಲಿಂದ ಕದಲುವ ಲಕ್ಷಣ ನನಗಂತೂ ಕಾಣುವುದಿಲ್ಲ.

ಮನೆ ವಿಷಯಕ್ಕೆ ಬರೋಣ. ಹಿಂದೆಲ್ಲ ಕೇಳಿದವರಿಗೆ ಸೆಂಟ್ರಲ್ ಲೈನ್ ಹಿಡಿದು ಕುರ್ಲಾ ಕಡೆಯಿಂದ ಬನ್ನಿ ಅನ್ನುತ್ತಿದ್ದೆ. ಈಗ ಮೆಟ್ರೋ 3 ಲೆಕ್ಕ ಬದಲಾಯಿಸಿದೆ. ಆರೆಯಿಂದ ಬಿಕೆಸಿವರೆಗೆ 2024ರ ಅಕ್ಟೋಬರಿನಲ್ಲಿ ಶುರು, ಮರುವರ್ಷ ಅಕ್ಟೋಬರಿಗೆ ದಕ್ಷಿಣ ತುದಿಯ ಕಫ್ ಪರೇಡ್ ಮುಟ್ಟಿತು. ಆರೆ ಸ್ಟೇಷನ್ ಒಂದು ಬಿಟ್ಟರೆ ಪೂರ್ತಿ ನೆಲದಡಿಯ ಲೈನು, ರಸ್ತೆಯ ಟ್ರಾಫಿಕ್ಕಿಗೆ ಸಂಬಂಧ ಇಲ್ಲ. ಮರೋಲ್ ನಾಕಾದಲ್ಲಿ ಅದು ಘಾಟ್ಕೋಪರ್-ವರ್ಸೋವಾ ಮೆಟ್ರೋ 1ಕ್ಕೆ ಸೇರುತ್ತದೆ. ಆದ್ದರಿಂದ ನನ್ನ ಮೊದಲ ಆಯ್ಕೆ ಮರೋಲ್, ಅಂಧೇರಿ ಪೂರ್ವ. ಬಾಡಿಗೆ ಕಡಿಮೆ ಅಂತ ಹೇಳಲಾರೆ, ಆದರೆ ಬಾಂದ್ರಾದ ಹಾಗೆ ಕಣ್ಣು ಕತ್ತಲೆ ಬರುವುದಿಲ್ಲ. ಕಾರು ಅಥವಾ ಬೈಕು ಇದ್ದರೆ ಚೆಂಬೂರ್ ನೋಡಿ. ಚೂನಾಭಟ್ಟಿಯಿಂದ ಬಿಕೆಸಿಗೆ 2019ರಲ್ಲಿ ಫ್ಲೈಓವರ್ ಆಗಿದೆ.

ನಮ್ಮವರ ನಡುವೆ ಇರಬೇಕು ಅಂದರೆ ಮಾಟುಂಗಾ. ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ. 1942ರ ರಾಮ ನಾಯಕರ ಉಡುಪಿ ಊಟದ ಮನೆ ಸ್ಟೇಷನ್ ಪಕ್ಕದಲ್ಲೇ, ಇವತ್ತಿಗೂ ಬಾಳೆಲೆ ಹಾಕುತ್ತಾರೆ. ಬಾಡಿಗೆ ಮಾತ್ರ ಜಾಸ್ತಿ, ಕಟ್ಟಡಗಳೂ ಹಳೆಯವು. ಒಂಟಿ ಆಗಿದ್ದರೆ ಪಿಜಿ ಹುಡುಕಬಹುದು, ಸಂಸಾರ ಇದ್ದರೆ ಯೋಚಿಸಿ.

ಏಜೆಂಟರು "ಬಿಕೆಸಿಗೆ 15 ನಿಮಿಷ" ಅನ್ನುತ್ತಾರೆ. ಅವರು ಮನೆ ತೋರಿಸುವುದು ಭಾನುವಾರ, ಆ ದಿನ ಅದು ನಿಜವೇ. ನೀವು ವಾರದ ದಿನ ಬೆಳಿಗ್ಗೆ 9 ಗಂಟೆಗೆ ಆ ಮನೆಯ ಬಾಗಿಲಿನಿಂದ ಹೊರಟು ನಿಮ್ಮ ಆಫೀಸಿನ ಗೇಟಿನವರೆಗೆ ಒಮ್ಮೆ ಹೋಗಿ ನೋಡಿ. ಅಡ್ವಾನ್ಸ್ ಆಮೇಲೆ ಕೊಡಿ.