ತಕ್ಕ ಹೆಸರು ಸಿಗದ ಗಿಟಾರ್, ಬೇಸ್ ವಾದಕರು ಯಾರು? ನಾನೂ ಬೇಸ್ ಬಿಟ್ಟು ಲೀಡ್‌ಗೆ ಹೋಗಲಾ?

ಹಾಡಿನ ತಳದ ದಪ್ಪ ಸ್ವರ ಹಿಡಿಯುವ ಬೇಸ್ ಗಿಟಾರ್ ನುಡಿಸಿದರೆ ಯಾರೂ ಗುರುತಿಸುವುದಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಹಾಗೆ ಗುರುತಿಸದವರ ಸಾಲಿನಲ್ಲಿ ನಾನೂ ಇದ್ದವನು.

ಬೆಳಗಾವಿಯಲ್ಲಿ ನಮ್ಮದೊಂದು ರಸಮಂಜರಿ ತಂಡ ಇತ್ತು. ಗಣಪತಿ ಹಬ್ಬ ಬಂದರೆ ಶಹಾಪುರ, ಟಿಳಕವಾಡಿ, ಅತ್ತ ಗೋಕಾಕ, ಬೈಲಹೊಂಗಲದವರೆಗೆ ಪ್ರೋಗ್ರಾಮ್. ನಾನು ಲೀಡ್ ಗಿಟಾರ್, ಅಂದರೆ ರಾಗ, ಸೋಲೋ ನುಡಿಸುವವನು. ತಂಡದ ಲೆಕ್ಕವೂ ನನ್ನ ಕೈಯಲ್ಲೇ. ಬೇಸ್ ನುಡಿಸುತ್ತಿದ್ದವರು ಬೆಳಗಾವಿಯ ಕ್ಯಾಂಪ್ ಬಡಾವಣೆಯ ಒಬ್ಬ ಹಿರಿಯರು, ಎಲ್ಲರಿಗೂ ಕಾಕಾ. ಡ್ರಮ್ಸ್ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಕೊನೆ ಹಾಡಿನವರೆಗೆ ಏಳುತ್ತಿರಲಿಲ್ಲ. ಶಿಳ್ಳೆ ಎಲ್ಲ ನನ್ನ ಸೋಲೋಗೆ.

ಒಂದು ವರ್ಷ ನಮ್ಮನ್ನು ಕರೆಸುವ ಗಣಪತಿ ಮಂಡಳದವರು ಪೇಮೆಂಟ್ ಇಳಿಸಿದರು. ಕೀಬೋರ್ಡ್‌ನವನ ಎಡಗೈಯಲ್ಲೇ ಬೇಸ್ ಹಾಕಿಸಿದರೆ ಒಬ್ಬರ ಪೇಮೆಂಟ್ ಉಳಿಯುತ್ತೆ ಅಂತ ನಾನು ಲೆಕ್ಕ ಹಾಕಿದೆ. "ಕಾಕಾ, ಈ ಸಲ ಬಜೆಟ್ ಇಲ್ರಿ, ನೀವು ಬರೂದು ಬ್ಯಾಡ" ಅಂದೆ. "ಆತ್ ಬಿಡಪಾ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಈಗಲೂ ಎಷ್ಟೋ ತಂಡಗಳು ಇದನ್ನೇ ಮಾಡುತ್ತವೆ. ಕೀಬೋರ್ಡ್‌ನವನ ಎಡಗೈ ಬಿಡುವಾಗಿರುವಂತೆ ಕಾಣುತ್ತೆ, ಇರೋದಿಲ್ಲ. ಬಿಜಿಎಂ, ಅಂದರೆ ಹಾಡಿನ ನಡುವಿನ ವಾದ್ಯಸಂಗೀತ, ಬಂದಾಗ ಸ್ಟ್ರಿಂಗ್ಸ್‌ನಿಂದ ಕೊಳಲಿಗೆ ಟೋನ್ ಬದಲಿಸೋದು ಅದೇ ಕೈ. ಪ್ರತಿ ಸಲ ಬದಲಿಸಿದಾಗಲೂ ಬೇಸ್ ನಿಂತುಹೋಗುತ್ತಿತ್ತು. ಇನ್ನೊಂದು, ಸ್ವರ ಒತ್ತುವುದಕ್ಕಿಂತ ನಿಲ್ಲಿಸೋದೇ ಬೇಸ್‌ನಲ್ಲಿ ಕಷ್ಟದ ಕೆಲಸ. ಕಾಕಾ ಕಿಕ್ ಡ್ರಮ್ (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್) ಬಿದ್ದ ಕ್ಷಣಕ್ಕೆ ತಂತಿ ಮೀಟಿ, ಸ್ನೇರ್ (ಕೋಲಿನಿಂದ ಹೊಡೆಯುವ ಚಿಕ್ಕ ಡ್ರಮ್) ಬರುವಷ್ಟರಲ್ಲಿ ಬೆರಳಿಟ್ಟು ನಿಲ್ಲಿಸುತ್ತಿದ್ದರು. ನಮ್ಮ ಕೀಬೋರ್ಡ್ ಹುಡುಗ ಕೀ ಒತ್ತಿ ಹಿಡಿದುಬಿಡುತ್ತಿದ್ದ. ಪೆಂಡಾಲ್ ತುಂಬ ಗುಂಯ್ ಅನ್ನೋ ಸದ್ದು. ಸೌಂಡ್‌ನವನು ರೇಗಿ ಬೇಸ್ ನಾಬ್ ಇಳಿಸಿದ. ಇದ್ದದ್ದೂ ಹೋಯಿತು. ಕಾಕಾನ ನಡೆಗೆ ಒಗ್ಗಿದ್ದ ಡ್ರಮ್ಮರ್ ಓಡತೊಡಗಿದ, ಹಾಡುವವಳಿಗೆ ಉಸಿರು ಸಾಲಲಿಲ್ಲ. ಅಷ್ಟು ಚೆಂದದ 'ಜೊತೆಯಲಿ' ಹಾಡು, ಗೀತಾ ಸಿನಿಮಾದ್ದು, ನಡುವೆಯೇ ಬಿದ್ದುಹೋಯಿತು. ಮುಂದೆ ಕುಣಿಯುತ್ತಿದ್ದ ಹುಡುಗರು ಕೂತರು. ಒಬ್ಬ ವೇದಿಕೆ ಹತ್ತಿರ ಬಂದು, "ಅಣ್ಣಾ, ಹಾಡು ಅದs ಐತಿ, ಕುಣಿಯಾಕ ಬರವಲ್ತು" ಅಂದ. ಇದಕ್ಕಿಂತ ಒಳ್ಳೆ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಮುಂದಿನ ವರ್ಷ ಮಂಡಳದವರು ಬೇರೆ ತಂಡ ಕರೆದರು. ನಾನು ಕಾಕಾನ ಮನೆಗೆ ಹೋಗುವ ಹೊತ್ತಿಗೆ ಅವರು ಗೋವಾದ ಒಂದು ಮದುವೆ ಬ್ಯಾಂಡ್ ಸೇರಿದ್ದರು. ಅಲ್ಲಿ ದುಡ್ಡೂ ಜಾಸ್ತಿ.

ಹೆಸರು ಕೇಳಿದ್ದೀರಲ್ಲ. ಮೊದಲು ಜೇಮ್ಸ್ ಜೇಮರ್ಸನ್. ಅಮೆರಿಕದ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಹಿಟ್ ಹಾಡುಗಳ ಹಿಂದಿನ ಬೇಸ್ ಇವರದು. ಬಲಗೈಯ ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. ಆ ಕಂಪನಿ 1971ರವರೆಗೆ ರೆಕಾರ್ಡ್ ಕವರ್ ಮೇಲೆ ವಾದಕರ ಹೆಸರನ್ನೇ ಹಾಕುತ್ತಿರಲಿಲ್ಲ. ಜೇಮರ್ಸನ್ 1983ರಲ್ಲಿ ತೀರಿಕೊಂಡರು, ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂದದ್ದು 2000ದಲ್ಲಿ. ಅಮೆರಿಕದವರೇ ಆದ ಕ್ಯಾರಲ್ ಕೇ ಮೊದಲು ಗಿಟಾರ್ ನುಡಿಸುತ್ತಿದ್ದವರು. 1963ರಲ್ಲಿ ರೆಕಾರ್ಡಿಂಗ್‌ಗೆ ಬೇಸ್‌ನವರು ಬರಲಿಲ್ಲ ಅಂತ ಇವರು ಕೈಗೆತ್ತಿಕೊಂಡರು, ಆಮೇಲೆ ಅದೇ ಹೊಟ್ಟೆಪಾಡಾಯಿತು. 2025ರಲ್ಲಿ ಹಾಲ್ ಆಫ್ ಫೇಮ್‌ಗೆ ಕರೆದರೆ ಒಲ್ಲೆ ಅಂದರು. ಭಲೇ!

ನಮ್ಮ ಕಡೆ ಬನ್ನಿ. 'ದಮ್ ಮಾರೋ ದಮ್'ನ ಗಿಟಾರ್ ಭೂಪಿಂದರ್ ಸಿಂಗ್ ಅವರದು, ಜನಕ್ಕೆ ಗೊತ್ತಿರೋದು ಅವರ ಗಜಲ್. ಹಿಂದೂಸ್ತಾನಿ ಇಷ್ಟು ಕೇಳುವ ನಮ್ಮ ಭಾಗದಲ್ಲೂ ಬ್ರಿಜ್ ಭೂಷಣ್ ಕಾಬ್ರಾ ಯಾರು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. 1967ರ 'ಕಾಲ್ ಆಫ್ ದ ವ್ಯಾಲಿ' ಆಲ್ಬಮ್‌ನಲ್ಲಿ ಶಿವಕುಮಾರ್ ಶರ್ಮಾರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲಿನ ಜೊತೆ ಸ್ಲೈಡ್ ಗಿಟಾರ್ (ತಂತಿ ಮೇಲೆ ಲೋಹದ ತುಂಡು ಜಾರಿಸಿ ನುಡಿಸುವುದು) ನುಡಿಸಿದವರು ಅವರೇ. ಇಳಯರಾಜಾ ಹಾಡುಗಳ ಬೇಸ್ ಅಂದರೆ ಶಶಿಧರನ್. ರೆಹಮಾನ್ ಜೊತೆ ಕೀತ್ ಪೀಟರ್ಸ್.

ಆದರೆ ಇವರಿಗೆ ಮನ್ನಣೆ ಸಿಗಲಿಲ್ಲ ಅನ್ನುವ ನಿಮ್ಮ ಮಾತು ನಾನು ಒಪ್ಪೋದಿಲ್ಲ. ಜೊತೆಗೆ ನುಡಿಸುವವರಿಗೆ, ಸಂಗೀತ ನಿರ್ದೇಶಕರಿಗೆ ಇವರ ಬೆಲೆ ಚೆನ್ನಾಗಿ ಗೊತ್ತಿತ್ತು. ಸುಮ್ನೆ ಮತ್ತೆ ಮತ್ತೆ ಕರೆಸುತ್ತಿದ್ದರಾ? ಬಾಕಿ ಉಳಿದದ್ದು ಕವರ್ ಮೇಲಿನ ಹೆಸರು, ಎಷ್ಟೋ ಸಲ ದುಡ್ಡು. 'ಟಾಪ್ ಟೆನ್' ಪಟ್ಟಿ ಮಾಡಿದರೆ ಅದು ತೀರಲ್ಲ. ಇನ್ನು, ಮೊಬೈಲ್ ಸ್ಪೀಕರ್‌ನಲ್ಲಿ ಹಾಡು ಕೇಳಿ ಬೇಸ್ ಬಗ್ಗೆ ತೀರ್ಪು ಕೊಡುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಬೇಸ್‌ನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಅಷ್ಟು ಕೆಳಗಿನ ದನಿ ಆ ಸ್ಪೀಕರ್‌ಗೆ ಬರೋದೇ ಇಲ್ಲ.

ಲೀಡ್‌ಗೆ ಹೋಗಬೇಡಿ. ಗಲ್ಲಿಗೆ ನಾಲ್ಕು ಜನ ಲೀಡ್ ನುಡಿಸುವವರಿದ್ದಾರೆ. ಬೇಸ್ ಇಟ್ಟುಕೊಂಡು ಡ್ರಮ್ಮರ್ ಜೊತೆ ಕೂತು ಅಭ್ಯಾಸ ಮಾಡಿ. ಪ್ರೋಗ್ರಾಮ್ ಒಪ್ಪುವ ಮೊದಲು ಲೀಡ್‌ನವನಿಗೆ ಎಷ್ಟು ಅಂತ ಕೇಳಿ, ಅಷ್ಟೇ ನೀವೂ ತಗೊಳ್ಳಿ. ಬ್ಯಾನರ್ ಪ್ರಿಂಟ್‌ಗೆ ಹೋಗುವ ಮುಂಚೆ ನಿಮ್ಮ ಹೆಸರಿದೆಯಾ ನೋಡಿ. ನನ್ನಂಥ ಲೆಕ್ಕದವನು ಯಾವನಾದರೂ "ಬೇಸ್ ಕೀಬೋರ್ಡ್‌ನ್ಯಾಗ ಆಗತೈತಿ ಬಿಡು" ಅಂದರೆ ಜಗಳ ಆಡಬೇಡಿ. ಸೌಂಡ್ ಚೆಕ್‌ನಲ್ಲಿ ಒಂದು ಹಾಡು ಹಾಗೇ ಮಾಡಿ ತೋರಿಸು ಅನ್ನಿ.