ನಮ್ಮ ಕ್ಯಾಸ್ಕೇಡ್‌ಲೇಕ್ (ಇಂಟೆಲ್ ಸಿಪಿಯು) ಸರ್ವರ್‌ನಲ್ಲಿ ಲಿನಕ್ಸ್ ಕರ್ನಲ್ ಅಪ್‌ಡೇಟ್ ಆದಮೇಲೆ ವಿಎಂ (ವರ್ಚುವಲ್ ಮಷೀನ್) ಸ್ಟಾರ್ಟ್ ಆಗ್ತಿಲ್ಲ, ‘ಹೋಸ್ಟ್ ಸಿಪಿಯುನಲ್ಲಿ ಎಚ್‌ಎಲ್‌ಇ, ಆರ್‌ಟಿಎಂ ಇಲ್ಲ’ ಅಂತಿದೆ. ಏನು ಮಾಡಲಿ?

ಮೊದಲು ಹೋಸ್ಟ್‌ನಲ್ಲಿ, ಅಂದರೆ ವಿಎಂ ಓಡಿಸುವ ಸರ್ವರ್‌ನಲ್ಲಿ, ‘ಪ್ರಾಕ್’ ಫೋಲ್ಡರ್ ಕೆಳಗಿರುವ ಸಿಪಿಯುಇನ್ಫೋ ಫೈಲ್ ತೆಗೆದು, ಫ್ಲ್ಯಾಗ್ಸ್ ಸಾಲಿನಲ್ಲಿ ಆರ್‌ಟಿಎಂ ಹುಡುಕಿ. ಸಿಗಲಿಲ್ಲ ಅಲ್ವಾ? ಹಾಗಾದರೆ ಲಿಬ್‌ವರ್ಟ್ (ವಿಎಂಗಳನ್ನು ನಿರ್ವಹಿಸುವ ಸಾಫ್ಟ್‌ವೇರ್) ಹೇಳುತ್ತಿರುವುದು ನಿಜ. ಸಿಪಿಯು ಕೆಟ್ಟಿಲ್ಲ, ಹೆದರಬೇಡಿ.

ಎಚ್‌ಎಲ್‌ಇ, ಆರ್‌ಟಿಎಂ ಎರಡೂ ಇಂಟೆಲ್‌ನ ಟಿಎಸ್‌ಎಕ್ಸ್‌ಗೆ ಸೇರಿದವು; ಹಲವು ಥ್ರೆಡ್‌ಗಳು ಲಾಕ್‌ಗೆ ಕಾಯದೆ ಕೆಲಸ ಮಾಡಲು ನೆರವಾಗುವ ಸಿಪಿಯು ಸೌಲಭ್ಯ ಅದು. ಅದರ ಹಣೆಬರಹವೇ ಸರಿಯಿಲ್ಲ. 2014ರಲ್ಲಿ ಹ್ಯಾಸ್ವೆಲ್ ಚಿಪ್‌ಗಳಲ್ಲಿ ದೋಷ ಸಿಕ್ಕಿ, ಮೈಕ್ರೋಕೋಡ್ (ಸಿಪಿಯು ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಕಳಿಸಿ ಅದನ್ನು ಆಫ್ ಮಾಡಿದರು. 2019ರ ನವೆಂಬರ್‌ನಲ್ಲಿ ಟಿಎಸ್‌ಎಕ್ಸ್‌ನಲ್ಲಿ ಟಿಎಎ ಅನ್ನೋ ಭದ್ರತಾ ಲೋಪ ಹೊರಬಿತ್ತು. ಆಮೇಲೆ ಲಿನಕ್ಸ್ ಕರ್ನಲ್ಲೇ, ಆಫ್ ಮಾಡಲು ಬರುವ ಚಿಪ್‌ಗಳಲ್ಲಿ, ಡೀಫಾಲ್ಟಾಗಿ ಆಫ್ ಮಾಡತೊಡಗಿತು. ನೀವು ಹೇಳಿರುವ ಕ್ಯಾಸ್ಕೇಡ್‌ಲೇಕ್ ಸರ್ವರ್ ಅಂಥದ್ದೇ. ಆದರೆ ‘ಕ್ಯಾಸ್ಕೇಡ್‌ಲೇಕ್-ಸರ್ವರ್’ ಅನ್ನೋ ಸಿಪಿಯು ಮಾಡೆಲ್‌ನ ಪಟ್ಟಿಯಲ್ಲಿ ಎರಡೂ ಇನ್ನೂ ಇವೆ. ವಿಎಂ ಕೇಳುತ್ತದೆ, ಹೋಸ್ಟ್ ಬಳಿ ಇಲ್ಲ, ಲಿಬ್‌ವರ್ಟ್‌ನ ಚೆಕ್ ಅಲ್ಲೇ ತಡೆಯುತ್ತದೆ.

ಲಿಬ್‌ವರ್ಟ್‌ನ ಕಮಾಂಡ್ ‘ವಿರ್ಶ್ ಎಡಿಟ್’ ಜೊತೆ ವಿಎಂ ಹೆಸರು ಕೊಟ್ಟು, ಅದರ ಸೆಟ್ಟಿಂಗ್ಸ್ ಇರುವ ಎಕ್ಸ್‌ಎಂಎಲ್ ತೆರೆಯಿರಿ. ಸಿಪಿಯು ಭಾಗದಲ್ಲಿ ಮಾಡೆಲ್ ಹೆಸರನ್ನು ‘ಕ್ಯಾಸ್ಕೇಡ್‌ಲೇಕ್-ಸರ್ವರ್-ನೋಟಿಎಸ್‌ಎಕ್ಸ್’ ಮಾಡಿ. ನಿಮ್ಮ ಲಿಬ್‌ವರ್ಟ್ ಹಳೆಯದಾಗಿ ಆ ಹೆಸರು ಗೊತ್ತಿಲ್ಲ ಅಂದರೆ ಮಾಡೆಲ್ ಹಾಗೇ ಇರಲಿ, ಕೆಳಗೆ ಎರಡು ಫೀಚರ್ ಸಾಲು ಸೇರಿಸಿ: ಒಂದರಲ್ಲಿ ಎಚ್‌ಎಲ್‌ಇ, ಇನ್ನೊಂದರಲ್ಲಿ ಆರ್‌ಟಿಎಂ, ಎರಡಕ್ಕೂ ಪಾಲಿಸಿ ‘ಡಿಸೇಬಲ್’. ಸಾಮಾನ್ಯ ಪ್ರೋಗ್ರಾಂಗಳಿಗೆ ಇವು ಇಲ್ಲದಿದ್ದರೂ ಏನೂ ಆಗುವುದಿಲ್ಲ.

ಸಿಪಿಯು ಭಾಗದ ‘ಚೆಕ್’ ಅನ್ನೇ ‘ನನ್’ (ಯಾವ ತಪಾಸಣೆಯೂ ಬೇಡ) ಮಾಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಆಗ ಲಿಬ್‌ವರ್ಟ್ ಏನೂ ನೋಡುವುದಿಲ್ಲ. ವಿಎಂ ಓಡಿಸುವ ಪ್ರೋಗ್ರಾಂ ಆದ ಕ್ಯೂಎಮು ತನ್ನ ಲಾಗ್‌ನಲ್ಲಿ ಒಂದು ವಾರ್ನಿಂಗ್ ಬರೆದು ವಿಎಂ ಶುರುಮಾಡಿಬಿಡುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಒಂದು ಸಿಪಿಯು, ಒಳಗಿರುವ ಗೆಸ್ಟ್‌ಗೆ (ವಿಎಂನ ಓಎಸ್‌ಗೆ) ಕಾಣುವುದು ಇನ್ನೊಂದು. ಮುಂದೆ ಬೇರೆ ಹೋಸ್ಟ್‌ಗೆ ಲೈವ್ ಮೈಗ್ರೇಷನ್ (ವಿಎಂ ನಿಲ್ಲಿಸದೆ ಸಾಗಿಸುವುದು) ಮಾಡುವಾಗ ತಲೆನೋವು ಜಾಸ್ತಿ. ಹೋಸ್ಟ್ ಕರ್ನಲ್‌ನ ಬೂಟ್ ಸಾಲಿನಲ್ಲಿ ಟಿಎಸ್‌ಎಕ್ಸ್ ಆನ್ ಮಾಡುವುದೂ ಒಂದು ದಾರಿಯೇ. ಆದರೆ ಒಂದು ವಿಎಂಗಾಗಿ ಸುಮ್ನೆ ಇಡೀ ಸರ್ವರ್‌ನ ಭದ್ರತೆ ಸಡಿಲ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಇದೇ ಮಾಡೆಲ್‌ನ ಬೇರೆ ವಿಎಂಗಳು ಈಗ ಓಡುತ್ತಿದ್ದರೆ, ಅವಕ್ಕೂ ಇದೇ ತಿದ್ದುಪಡಿ ಮಾಡಿ. ಗೆಸ್ಟ್ ಒಳಗಿಂದ ರೀಬೂಟ್ ಕೊಟ್ಟರೆ ಸಾಲದು, ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಸ್ಟಾರ್ಟ್ ಮಾಡಬೇಕು.

ಇಷ್ಟಾದ ಮೇಲೂ ಅದೇ ಎರರ್ ಬಂದರೆ, ಹೋಸ್ಟ್ ರೀಬೂಟ್ ಆಗುವಾಗ ವಿಎಂ ಮ್ಯಾನೇಜ್ಡ್ ಸೇವ್‌ಗೆ (ಓಡುತ್ತಿದ್ದ ಸ್ಥಿತಿಯನ್ನು ಮೆಮೊರಿ ಸಮೇತ ಫೈಲ್‌ನಲ್ಲಿ ಉಳಿಸುವುದು) ಹೋಗಿತ್ತೇ ನೋಡಿ. ಸೇವ್ ಆದ ಪ್ರತಿಯೊಳಗೆ ಹಳೆಯ ಸಿಪಿಯು ವಿವರವೇ ಕೂತಿರುತ್ತದೆ. ವಿರ್ಶ್‌ನ ಮ್ಯಾನೇಜ್ಡ್‌ಸೇವ್-ರಿಮೂವ್ ಕೊಟ್ಟರೆ ಅದು ಹೋಗುತ್ತದೆ, ಆದರೆ ಗೆಸ್ಟ್‌ನ ಪಾಲಿಗೆ ಕರೆಂಟ್ ಹೋದ ಹಾಗೆ. ಡಿಸ್ಕ್‌ಗೆ ಬರೆಯದೆ ಮೆಮೊರಿಯಲ್ಲಷ್ಟೇ ಇದ್ದದ್ದು ಸಿಗುವುದಿಲ್ಲ.