ರಭಸದ ಹೊಳೆಯಲ್ಲಿ ಈ ಪುಟ್ಟ ಹುಳಗಳು ಕೊಚ್ಚಿಹೋಗಲ್ವಾ?

ಪ್ರಶ್ನೆ: ಹೊಳೆಯಲ್ಲಿ ನೀರು ಜೋರಾಗಿ ಹರಿಯುವ ಕಡೆ ಒಂದು ಕಲ್ಲು ಎತ್ತಿ ನೋಡಿದೆ. ಅದರ ಪಾಚಿಯಲ್ಲಿ ದಾರದಂಥ ಸಣ್ಣ ಹುಳಗಳಿದ್ದವು. ಅಡಿಯಲ್ಲಿ ಚಪ್ಪಟೆಯಾದ ಕಂದು ಹುಳವೂ ಒಂದಿತ್ತು. ನನಗೇ ಕಾಲು ನಿಲ್ಲದ ಸೆಳೆತ, ಇವು ಹೇಗೆ ಉಳಿಯುತ್ತವೆ? ಹುಳ ಇದ್ದರೆ ನೀರು ಕೆಟ್ಟಿದೆ ಅಂತಲಾ?

ಉತ್ತರ: ನಿಮ್ಮ ಕಾಲಿಗೆ ತಾಗಿದ ಸೆಳೆತ ಆ ಹುಳಗಳಿಗೆ ತಾಗುವುದೇ ಇಲ್ಲ. ಕಲ್ಲಿಗೆ ಉಜ್ಜಿಕೊಂಡು ಹರಿಯುವ ನೀರು ನಿಧಾನವಾಗುತ್ತದೆ. ಕಲ್ಲಿನ ಮೈಗೆ ಅಂಟಿದಂತಿರುವ ತೆಳು ಪದರದಲ್ಲಂತೂ ಅದು ಹೆಚ್ಚುಕಮ್ಮಿ ನಿಂತೇ ಇರುತ್ತದೆ. ಕೂದಲಿನಷ್ಟು ಸಣ್ಣ ಹುಳಕ್ಕೆ ಆ ಪದರವೇ ಮನೆ. ಪಾಚಿಯ ಎಳೆಗಳ ನಡುವೆ ಸೇರಿಕೊಂಡರೆ ಇನ್ನೂ ಕ್ಷೇಮ.

ದಾರದಂಥವು ಬಹುಶಃ ನೈಡಿಡ್ ಗುಂಪಿನವು, ಎರೆಹುಳದ ನೆಂಟರು. ಉದ್ದ ಕೆಲವೇ ಮಿಲಿಮೀಟರ್. ಎರೆಹುಳದ ಮೈಮೇಲೆ ಬಾಲದಿಂದ ತಲೆಯ ಕಡೆಗೆ ಮೆಲ್ಲಗೆ ಬೆರಳಾಡಿಸಿದರೆ ತರಿತರಿ ಅನ್ನಿಸುತ್ತದೆ, ಅಲ್ವಾ? ಅಂಥದೇ ಬಿರುಗೂದಲು ಇವಕ್ಕೂ ಇವೆ. ಅವನ್ನು ಊರಿಕೊಂಡೇ ಮುಂದೆ ಸಾಗುತ್ತವೆ. ಹಿಡಿತ ತಪ್ಪಿ ತೇಲಿಹೋಗುವವೂ ಇವೆ. ಆದರೆ ಒಂದೇ ಒಂದು ಹುಳ ಕೆಳಗೆಲ್ಲೋ ನೆಲೆ ನಿಂತರೂ ಸಾಕು. ಅದರ ಮೈ ನಡುವೆ ಹೊಸ ತಲೆ, ಹೊಸ ಬಾಲ ಮೂಡಿ, ಬೇರ್ಪಟ್ಟು ಎರಡಾಗುತ್ತದೆ. ಲೆನ್ಸ್ ಹಿಡಿದು ನೋಡಿದರೆ ಇನ್ನೂ ಬೇರೆಯಾಗದ ಜೋಡಿ ಸರಪಳಿಯಂತೆ ಕಾಣಬಹುದು. ನನಗೆ ಇವತ್ತಿಗೂ ಅದೊಂದು ಬೆರಗು.

ಚಪ್ಪಟೆಯದು ಪ್ಲನೇರಿಯಾ ಇರಬೇಕು. ಹೊಟ್ಟೆಯಡಿಯ ಸೂಕ್ಷ್ಮ ರೋಮಗಳನ್ನು ಆಡಿಸುತ್ತಾ, ತಾನೇ ಸುರಿಸಿದ ಲೋಳೆಯ ಮೇಲೆ ಜಾರುತ್ತದೆ. ಬಾಯಿ ಇರುವುದು ತಲೆಯಲ್ಲಲ್ಲ, ಹೊಟ್ಟೆಯ ನಡುಭಾಗದಲ್ಲಿ! ಬೆಳಕು ಕಂಡರೆ ಆಗದು, ಅದಕ್ಕೇ ಕಲ್ಲಿನಡಿ ಅಡಗುತ್ತದೆ.

ಹೊಳೆಯ ತಳದ ಜಲ್ಲಿ, ಮರಳಿನ ಸಂದುಗಳಲ್ಲೂ ನೀರು ಹರಿಯುತ್ತಿರುತ್ತದೆ. ಟ್ರಾಯನ್ ಒರ್ಗಿದಾನ್ ಎಂಬ ವಿಜ್ಞಾನಿ 1959ರಲ್ಲಿ ಈ ಜಾಗವನ್ನು 'ಹೈಪೋರಿಯಿಕ್' ಎಂದು ಕರೆದರು. ಅಲ್ಲೂ ಬೇಕಾದಷ್ಟು ಹುಳಗಳಿವೆ. ನನಗೆ ಜಾಸ್ತಿ ಚಿಂತೆಯಾಗುವುದು ಈ ಸಂದುಗಳ ಬಗ್ಗೆಯೇ. ನುಣುಪು ಕೆಸರು ಬಂದು ತುಂಬಿಕೊಂಡರೆ ಒಳಗೆ ಆಮ್ಲಜನಕ ಇಳಿಯುವುದಿಲ್ಲ.

ಹುಳ ಇದೆ ಅಂದ ಮಾತ್ರಕ್ಕೆ ನೀರು ಕೆಟ್ಟಿದೆ ಅಂತಲ್ಲ. ಕೆಸರಲ್ಲಿ ತಲೆ ಹುದುಗಿಸಿ, ಬಾಲ ಆಡಿಸುವ ಕೆಂಪು ಟ್ಯೂಬಿಫೆಕ್ಸ್ ಹುಳಗಳೇ ರಾಶಿ ರಾಶಿ ಇದ್ದು, ಬೇರೆ ಜೀವಿಗಳೇ ಕಾಣದಿದ್ದರೆ ಅನುಮಾನಪಡಿ. ಅಲ್ಲಿ ಕೊಳೆ ಜಾಸ್ತಿ, ಆಮ್ಲಜನಕ ಕಮ್ಮಿ.

ಮುಂದಿನ ಸಲ ನೋಡಿದ ಮೇಲೆ ಕಲ್ಲನ್ನು ಅದೇ ಜಾಗದಲ್ಲಿ, ಅದೇ ಮಗ್ಗುಲಲ್ಲಿ ಮೆಲ್ಲಗೆ ಇಡಿ. ಮಗುಚಿ ಹಾಕಿದರೆ ಅಡಿಯಲ್ಲಿದ್ದವು ಬಿಸಿಲಿಗೂ ಸೆಳೆತಕ್ಕೂ ಸಿಕ್ಕಿಬೀಳುತ್ತವೆ.